ಒಂದು ಲೋಟ ಕಾಫಿಯ ನೀರು

ಹೆಣ್ಣು ನೋಡಲು ಹೋಗಿದ್ದೆ. ಕಾಫಿ ತಂದ ಭಾರ್ಗವಿಯನ್ನು ಕಂಡದ್ದೇ ನಾನು ಸೋತುಹೋದೆ. ಹೇಗಾದರೂ ಅವಳ ಮೆಚ್ಚುಗೆ ಗಳಿಸಬೇಕಿತ್ತು.

"ಕಾಫಿ ಬೇಡ. ಈ ಒಂದು ಲೋಟಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಖರ್ಚಾಗಿರುತ್ತೆ. ಗಿಡಕ್ಕೆ, ಬೀಜ ತೊಳೆಯೋಕೆ, ಹಸುವಿನ ಮೇವಿಗೆ..." ಎಂದೆ.

ಪಕ್ಕದಲ್ಲಿದ್ದ ಅಮ್ಮ ಕಣ್ಣಲ್ಲೇ ಗದರಿದಳು. ನಾನು ನಿಲ್ಲಿಸಲಿಲ್ಲ. ಉಪ್ಪಿಟ್ಟಿನ ರವೆಗೆ, ಭಾರ್ಗವಿ ಉಟ್ಟಿದ್ದ ಸೀರೆಗೆ ಎಷ್ಟೆಷ್ಟು ನೀರು ಹಿಡಿದಿರುತ್ತದೆ ಎಂದೂ ವಿವರಿಸಿದೆ. ಅವಳು ಕೆನ್ನೆಗೆ ಕೈಯಿಟ್ಟು ಕೇಳುತ್ತಿದ್ದಳು.

"ಹಾಗಾದ್ರೆ ಒಂದು ಮದುವೆಗೆ ಎಷ್ಟು ನೀರು ಬೇಕಾಗುತ್ತೆ?" ಎಂದಳು.

ಮದುವೆಯ ಮಾತು ಅವಳ ಬಾಯಿಂದಲೇ ಬಂತಲ್ಲ ಎಂದು ನಾನು ಹಿಗ್ಗಿಹೋದೆ.

"ಊಟ, ಬಟ್ಟೆ ಎಲ್ಲ ಸೇರಿದ್ರೆ ಒಂದು ಕೆರೆಯಷ್ಟು!"

ಭಾರ್ಗವಿ ನಗುತ್ತಾ ಎದ್ದು ನಿಂತಳು.

"ಅಷ್ಟನ್ನೂ ಉಳಿಸಿಬಿಡೋಣ."