ಎಡಗೈ ರೊಟ್ಟಿ

ವಿಜಯಪುರದ ಓಣಿಗೊಂದು ಕೋಡ್ ಭಂಡಾರವಿತ್ತು. ಯಂತ್ರದ ಕೈ ಹಾಕಿಸಿಕೊಂಡವರು ಅಲ್ಲಿಗೆ ಹೋಗಿ ಬೇಕಾದ ಕೆಲಸದ ಕೋಡ್ ತುಂಬಿಸಿಕೊಳ್ಳುತ್ತಿದ್ದರು. ಹೆರಳು ಹಾಕುವುದು, ಸೂಜಿಗೆ ದಾರ ಪೋಣಿಸುವುದು, ಹೀಗೆ ಆಯಾ ಕೆಲಸ ಬಲ್ಲವರು ತಮ್ಮ ಕೈಗೆ ತಂತಿ ಕಟ್ಟಿಸಿಕೊಂಡು, ಅದರ ಚಲನೆಯನ್ನೇ ಕೋಡ್ ಆಗಿ ಬರೆಸಿ ಎಲ್ಲರಿಗೂ ಪುಕ್ಕಟೆ ಇಟ್ಟಿದ್ದರು. ರೊಟ್ಟಿ ಬಡಿಯುವ ಕೋಡ್ ಇಟ್ಟವಳು ಗುರಬಸವ್ವ.

ಈಗ ಅವಳದೇ ಬಲಗೈ ಹೋಗಿ ಯಂತ್ರದ ಕೈ ಬಂದಿತ್ತು. ಬಡಿದು ನೋಡಲೆಂದು ನಾದಿದ ಜೋಳದ ಹಿಟ್ಟನ್ನೂ ಕಟ್ಟಿಕೊಂಡು ಬಂದಿದ್ದಳು. ಭಂಡಾರ ನೋಡಿಕೊಳ್ಳುವ ನೀಲಗಂಗಾ ಪರದೆ ನೋಡಿ ತಲೆ ತಗ್ಗಿಸಿದಳು.

"ದೊಡ್ಡವ್ವಾ, ನಿನ್ನ ರೊಟ್ಟಿ ಕೋಡಿಗೆ ಬೀಗ ಬಿದ್ದದ. ರೊಟ್ಟಿ ಕಂಪನಿಯವ್ರು ಒಯ್ದು ತಮ್ಮ ಹೆಸರಿಗೆ ಮಾಡ್ಕೊಂಡಾರ. ಅವರ ಒಪ್ಪಿಗಿ ಇಲ್ದ ಯಾರಿಗೂ ಕೊಡಂಗಿಲ್ಲ."

"ನನಗೂ?"

"ನಿನಗೂ."

"ನನ್ನ ಕೈ ಬಡಿತ ನನಗ ಕೊಡಾಕ ಅವರ ಅಪ್ಪಣಿ ಬೇಕೇನ? ನಮ್ಮವ್ವ ಬೈದು ಬೈದು ಕಲಿಸಿದ್ದದು! ಅವರೇನು ನಮ್ಮ ಒಲಿ ಮುಂದ ಕುಂತು ಹೊಗಿ ಕುಡಿದಿದ್ರೇನ?"

ಗುರಬಸವ್ವ ಹಿಟ್ಟಿನ ಗಂಟು ಬಿಚ್ಚಿ, ಮೇಜಿನ ಮೇಲೇ ಎಡಗೈಯಿಂದ ಬಡಿಯತೊಡಗಿದಳು. ಇಷ್ಟು ದಿನ ರೊಟ್ಟಿ ತಿರುಗಿಸುವುದಷ್ಟೇ ಆ ಕೈಯ ಕೆಲಸವಾಗಿತ್ತು. ಮೊದಲನೆಯದು ಹರಿಯಿತು, ಎರಡನೆಯದೂ ಹರಿಯಿತು. ನಾಲ್ಕನೆಯದು ದುಂಡಗಾಯಿತು.

"ಈ ಕೈಗೆ ತಂತಿ ಕಟ್ಟಿ ಬರ್ಕೋ. ಆಮ್ಯಾಲ ಕನ್ನಡ್ಯಾಗ ಕಂಡಂಗ ತಿರುವಿ ಬಲಗೈಗೆ ಹಾಕು."

"ಇದನ್ನೂ ಕಂಪನಿಯವ್ರು ಒಯ್ದ್ರ, ದೊಡ್ಡವ್ವಾ?"

"ಓಣಿ ಹೆಂಗಸರನ್ನೆಲ್ಲ ಕರಿ. ಒಬ್ಬೊಬ್ಬಳ ಬಡಿತ ಒಂದೊಂದು ಥರ ಇರ್ತದ, ಎಲ್ಲಾ ಬರೆಸೂಣು. ಎಷ್ಟು ಬೀಗ ತರ್ತಾರ, ತರ್ಲಿ!"

ನೀಲಗಂಗಾ ಎದ್ದು ಹೋಗಿ ಭಂಡಾರದ ಎರಡೂ ಬಾಗಿಲು ತೆರೆದಿಟ್ಟಳು.