ಅಮ್ಮಾಜಮ್ಮನ ಕಿವಿಬಿರಡೆ

ಬೆಳಗಿನಿಂದ ಮೂರನೆಯ ಸಲ ಅಮ್ಮಾಜಮ್ಮ ಕಿವಿಯ ಬಿರಡೆಗಳನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಾಗಿಲ ಬಳಿ ನೋಟ್‌ಬುಕ್ ಹಿಡಿದು ನಿಂತಿದ್ದ ಯಶೋಧರಾಳ ಮುಖ ಸಪ್ಪಗಾಯಿತು. ಎಂಟು ತಿಂಗಳು ತಲೆ ಕೆಡಿಸಿಕೊಂಡು ಮಾಡಿದ ಬಿರಡೆ. ಯಾರಿಗಾಗಿ ಮಾಡಿದ್ದಳೋ ಆ ದೊಡ್ಡಮ್ಮನೇ ಕೀಳುತ್ತಿದ್ದಾಳೆ.

ಮೇಲೂರಿನ ಬಯ್ಯಪ್ಪನ ರೇಷ್ಮೆ ಹುರಿ ಕಾರ್ಖಾನೆಯಲ್ಲಿ ಒಂದೇ ಸೂರಿನಡಿ ನೂಲಿಗೆ ಹುರಿ ಹಾಕುವ ಆರುನೂರು ಕದಿರು ತಿರುಗುತ್ತವೆ. ಒಳಗೆ ಹತ್ತು ನಿಮಿಷ ನಿಂತು ಬಂದರೂ ಕಿವಿಯಲ್ಲಿ ಗುಂಯ್ ಅನ್ನುವುದು ಬೇಗ ಬಿಡುವುದಿಲ್ಲ. ಅಮ್ಮಾಜಮ್ಮ ನಿಂತು ಹತ್ತೊಂಬತ್ತು ವರ್ಷ. ಈಚೆಗೆ ಮನೆಯಲ್ಲಿ ಅವಳನ್ನು ಕೂಗಿ ಕರೆಯುವುದಕ್ಕಿಂತ ಎದುರಿಗೆ ಹೋಗಿ ನಿಲ್ಲುವುದೇ ಸಲೀಸು. ಡಿಸೈನ್ ಓದುತ್ತಿರುವ ತಂಗಿಯ ಮಗಳು ಯಶೋಧರಾಗೆ ಅದನ್ನು ನೋಡಲಾಗಲಿಲ್ಲ. ಉಳಿದಿರುವಷ್ಟು ಕಿವಿಯಾದರೂ ಉಳಿಯಲಿ ಎಂದು ಈ ಕೆಲಸಕ್ಕೆ ಕೈಹಾಕಿದ್ದಳು. ತಲೆಗೆ ಸಿಕ್ಕಿಸುವ ದಪ್ಪ ಕಿವಿಗವಸುಗಳು ಕಾರ್ಖಾನೆಯಲ್ಲಿ ಮೊದಲೇ ಇದ್ದವು. ಮುಡಿದ ಹೂವು ಹಿಸುಕುತ್ತದೆ, ಓಲೆ ಒತ್ತುತ್ತದೆ ಎಂದು ಹೆಂಗಸರು ಅವನ್ನು ಮೊಳೆಗೆ ನೇತುಹಾಕಿದ್ದರು. ಇವಳ ಬಿರಡೆ ಹಾಗಲ್ಲ. ಮೆತ್ತಗಿನ ಸಿಲಿಕೋನು, ಓಲೆಗೆ ತಾಗದ ಅಳತೆ, ಒಳಗೆ ಸಾಸಿವೆ ಕಾಳಿನಷ್ಟು ಫಿಲ್ಟರ್. ಮಿಷನ್ ಸದ್ದನ್ನು ತಡೆದು ಮನುಷ್ಯರ ಮಾತನ್ನು ಮಾತ್ರ ಒಳಗೆ ಬಿಡುತ್ತದೆ. ಕಾಲೇಜಿನಲ್ಲಿ ಎಲ್ಲರೂ ಭೇಷ್ ಅಂದಿದ್ದರು.

ಅಮ್ಮಾಜಮ್ಮನೂ ಕೇಳಿದಾಗಲೆಲ್ಲ ಚೆನ್ನಾಗೈತೆ ಅಂತಲೇ ಹೇಳುತ್ತಿದ್ದಳು. ಮಕ್ಕಳು ಮಾಡಿದ ಸಾರಿಗೆ ಉಪ್ಪಿಲ್ಲ ಅನ್ನುವ ಜಾಯಮಾನ ಅವಳದ್ದಲ್ಲ. ಆದರೆ ಹತ್ತು ನಿಮಿಷಕ್ಕೆ ಬಿರಡೆ ಮತ್ತೆ ಸೆರಗಿಗೆ ಹೋಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಯಶೋಧರಾ ಅವಳನ್ನು ಹೊಂಗೆ ಮರದ ಕೆಳಗೆ ಕೂರಿಸಿ, ಎದುರಿಗೇ ಕುಕ್ಕರಗಾಲಲ್ಲಿ ಕೂತಳು.

"ನಿಜ ಹೇಳು ದೊಡ್ಡಮ್ಮ. ಕಿವಿ ನೋಯ್ತದಾ?"

"ನೋವೇನಿಲ್ಲ ಕಣಮ್ಮ." ಅಮ್ಮಾಜಮ್ಮ ಮುದ್ದೆ ಮುರಿದು ಸಾರಿಗೆ ಅದ್ದಿದಳು. "ಮಿಷನ್ನು ಕೇಳ್ಸಲ್ಲ."

"ಕೇಳ್ಸಬಾರ್ದು ಅಂತಾನೇ ಅಲ್ವಾ ಮಾಡಿರೋದು?"

"ಕೇಳ್ದಿದ್ರೆ ಹೆಂಗಮ್ಮ? ಎಣ್ಣೆ ಒಣಗಿದ ಕದಿರು ಕೀರ್ ಅಂತದೆ. ಅದು ಕಿವಿಗೆ ಬಿದ್ದ ತಕ್ಷಣ ಹೋಗಿ ಎಣ್ಣೆ ಬಿಡ್ಬೇಕು, ಇಲ್ದಿದ್ರೆ ನೂಲು ಕಿತ್ಕೊಂತದೆ. ಆರ್ನೂರರಾಗೆ ಯಾವ್ದು ಅಂತ ಕಣ್ಣಲ್ಲಿ ಹುಡುಕಕ್ಕಾಗ್ತದಾ?"

ಮತ್ತೆ ಮಾತು ಕೇಳಿಸುವುದು ಬೇಡವೇ, ಅಷ್ಟು ಕಷ್ಟಪಟ್ಟು ಮಾತು ಒಳಗೆ ಬಿಟ್ಟಿದ್ದೀನಲ್ಲ ಎಂದು ಯಶೋಧರಾ ಕೇಳಿದಳು. ಅಮ್ಮಾಜಮ್ಮನಿಗೆ ನಗು ತಡೆಯಲಾಗಲಿಲ್ಲ.

"ಮಾತಿಗ್ಯಾಕೆ ಕಿವಿ? ತುಟಿ ನೋಡಿದ್ರೆ ಸಾಕು. ಆ ತುದೀಲಿ ನಿಂತ್ಕೊಂಡು ಜ್ಯೋತಿಲಕ್ಷ್ಮಿ ಬೆಳಿಗ್ಗೆಯಿಂದ ನಿನ್ ಮದುವೆ ವಿಷ್ಯಾನೇ ಕೇಳ್ತಾವ್ಳೆ. ನಮ್ಗೆ ಮಾತು ಕಣ್ಣಲ್ಲಿ ಬರ್ತದೆ, ಮಿಷನ್ನು ಕಿವೀಲಿ ಬರ್ತದೆ. ನೀನು ತಿರುಗಾಮುರುಗಾ ಮಾಡ್ಕೊಂಡು ಬಂದಿದ್ದೀಯ."

ಎಂಟು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಕಾರ್ಖಾನೆಯ ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ಕಾಲೇಜಿನ ಕೋಣೆಯಲ್ಲಿ ಕೂತು ಅಳೆದವಳಿಗೆ, ಅದರೊಳಗೆ ನಿಂತವರನ್ನು ಒಂದು ಮಾತು ಕೇಳಬೇಕೆಂದು ಹೊಳೆದೇ ಇರಲಿಲ್ಲ. ನಾಚಿಕೆಯೂ ಆಯಿತು, ನಗುವೂ ಬಂತು. ದೊಡ್ಡಮ್ಮನ ತಟ್ಟೆಯಿಂದಲೇ ಒಂದು ತುತ್ತು ಮುದ್ದೆ ತಿಂದು ಆ ಮಧ್ಯಾಹ್ನವೇ ಬಸ್ಸು ಹತ್ತಿದಳು.

ತಿಂಗಳಾದ ಮೇಲೆ ಬೇರೆ ಬಿರಡೆ ತಂದಳು. ಇದು ಯಾವ ಸದ್ದನ್ನೂ ಆರಿಸುವುದಿಲ್ಲ, ಎಲ್ಲವನ್ನೂ ಒಂದೇ ಸಮ ತಗ್ಗಿಸುತ್ತದೆ. ಈ ಸಲ ಏನನ್ನೂ ಕೇಳದೆ ಬಾಗಿಲ ಬಳಿ ನಿಂತಳು. ಹನ್ನೊಂದು ಗಂಟೆಗೆ ಅಮ್ಮಾಜಮ್ಮನ ಕೈ ಕಿವಿಗೆ ಹೋಯಿತು. ಮುಗಿಯಿತು ಕಥೆ ಅಂದುಕೊಂಡಳು ಯಶೋಧರಾ. ಅಮ್ಮಾಜಮ್ಮ ಬಿರಡೆಯನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡು, ನೆಟ್ಟಗೆ ಮೂರನೆಯ ಸಾಲಿಗೆ ನಡೆದು, ಒಂದು ಕದಿರಿಗೆ ಎರಡು ಹನಿ ಎಣ್ಣೆ ಬಿಟ್ಟಳು. ಮಿಷನ್ನು ಪಕ್ಕದ ಬೀದಿಗೆ ಹೋಗಿ ನಿಂತಂಗೈತೆ, ಆದ್ರೆ ಅದೇ ಮಿಷನ್ನು ಎಂದು ಸಂಜೆ ಹೇಳಿದಳು. ವಾರದೊಳಗೆ ಜ್ಯೋತಿಲಕ್ಷ್ಮಿ ಮೊದಲಾಗಿ ಎಂಟು ಜನ ತಮಗೂ ಒಂದೊಂದು ಜೊತೆ ಬೇಕೆಂದರು. ಒಬ್ಬಳಂತೂ ಸೀರೆಗೆ ಒಪ್ಪುವ ಬಣ್ಣ ಇದೆಯೇ ಎಂದು ವಿಚಾರಿಸಿದಳು.

ಇನ್ನೂ ಹದಿನೈದು ದಿನ ಕಳೆದಿತ್ತು. ದಿನವೂ ಮನೆಯವರೆಗೆ ಕಿವಿಯಲ್ಲೇ ಬರುತ್ತಿದ್ದ ಗುಂಯ್ ಈಗೀಗ ಕಾರ್ಖಾನೆಯಲ್ಲೇ ಉಳಿಯುತ್ತಿತ್ತು. ಸಂಜೆ ಕೆಲಸ ಮುಗಿಸಿ ಬಂದ ಅಮ್ಮಾಜಮ್ಮ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದವಳು ಚೊಂಬು ಹಿಡಿದು ಹಾಗೇ ನಿಂತಳು. ಒಣಗಿದೆಲೆಯ ಮೇಲೆ ಯಾರೋ ನಡೆದಾಡುತ್ತಿದ್ದಾರಲ್ಲ, ಯಾರದು ಎಂದು ಕೇಳಿದಳು. ಜಗಲಿಯಲ್ಲಿ ಕೂತಿದ್ದ ಯಶೋಧರಾ ಸುತ್ತ ನೋಡಿದಳು. ಯಾರೂ ಇರಲಿಲ್ಲ.

ಪಕ್ಕದ ಹುಳುಮನೆಯಿಂದ ಅಮ್ಮಾಜಮ್ಮನ ಗಂಡ ಮುನಿಗಂಗಪ್ಪ ಕೈ ಒರೆಸಿಕೊಳ್ಳುತ್ತಾ ಹೊರಬಂದ. ಗೂಡು ಕಟ್ಟಲು ಇನ್ನು ನಾಲ್ಕೇ ದಿನ ಇದ್ದ ರೇಷ್ಮೆಹುಳುಗಳಿಗೆ ಆಗಷ್ಟೇ ಸೊಪ್ಪು ಹಾಕಿ ಬಂದಿದ್ದ. ನಡೆಯೋರು ಯಾರೂ ಇಲ್ಲ, ಹುಳ ಸೊಪ್ಪು ತಿಂತಾ ಅವೆ ಎಂದ.

ಅಮ್ಮಾಜಮ್ಮ ಚೊಂಬು ಇಳಿಸಿ, ಒದ್ದೆ ಕಾಲಲ್ಲೇ ಹುಳುಮನೆಯ ಬಾಗಿಲಿಗೆ ಹೋಗಿ, ಚೌಕಟ್ಟಿಗೆ ಕಿವಿಯೊತ್ತಿ ಬಹಳ ಹೊತ್ತು ನಿಂತಳು. ಆಮೇಲೆ ತಂಗಿಯ ಮಗಳ ಕಡೆ ತಿರುಗಿ, ಮುಖವೆಲ್ಲ ನಗುವಾಗಿ ಹೇಳಿದಳು:

"ಈಗಿನ ಹೈಬ್ರಿಡ್ ಹುಳ ಸದ್ದೇ ಮಾಡ್ದೆ ತಿಂತಾವೆ ಅಂದ್ಕೊಂಡಿದ್ದೆ ಕಣಮ್ಮ ನಾನು."