ನಲವತ್ತೊಂದು ಸಾಲು

ಹನ್ನೊಂದನೆಯ ಪುಟದಿಂದ ಇನ್ನೊಂದು ಸಾಲು ಮಾಯವಾಗಿತ್ತು.

ಆಕೆ ಕನ್ನಡಕ ಒರೆಸಿಕೊಂಡು ಪುಟವನ್ನು ಮೇಲಿನಿಂದ ಮತ್ತೆ ಓದಿದಳು. ‘ಉಳಿಸು ಗುಂಡಿಯನ್ನು ಒತ್ತಿ’ ಎಂಬ ಸೂಚನೆ ಹಾಗೇ ಇತ್ತು. ಅದರ ಮುಂದಿನ ಮಾತು ಇರಲಿಲ್ಲ: ‘ಒತ್ತದೆ ಎದ್ದುಹೋದರೆ ಇದು ಮುನಿಸಿಕೊಳ್ಳುವುದಿಲ್ಲ, ಮರೆತುಬಿಡುತ್ತದೆ. ಮುನಿಸಾಗಿದ್ದರೆ ರಮಿಸಬಹುದಿತ್ತು.’

ಅಳಿಸಿದವರ ಜಾಗದಲ್ಲಿ ಅದೇ ಅಡ್ಡಹೆಸರು. ಇರುವೆ.

“ಮತ್ತೆ ಕಚ್ಚಿತು ನೋಡೇ,” ಎಂದು ಮಗಳನ್ನು ಕೂಗಿದಳು.

ಅದು ಸಣ್ಣ ಗ್ರಂಥಾಲಯಗಳಿಗಾಗಿ ಮಾಡಿದ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಅದರ ಕೈಪಿಡಿಯನ್ನು ಹತ್ತಾರು ಜನ, ಒಬ್ಬರ ಮುಖ ಒಬ್ಬರು ನೋಡದೆ, ಅಡ್ಡಹೆಸರುಗಳಲ್ಲಿ ಸೇರಿ ಬರೆಯುತ್ತಿದ್ದರು. ಆರು ವರ್ಷ ಅದರ ಉಸ್ತುವಾರಿ ಹೊತ್ತವರು ಆಕೆಯ ಗಂಡ. ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ನಡೆದುಕೊಂಡೇ ಹೋದವರು ಮರಳಲಿಲ್ಲ. ಕೆಲವು ತಿಂಗಳ ಮೇಲೆ ಆಕೆ ಅವರ ಕುರ್ಚಿಯಲ್ಲಿ ಕೂತು ಗುಂಪಿಗೆ ಸೇರಿಕೊಂಡಳು. ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷ ಕರಡು ತಿದ್ದಿದವಳು. ಒಂದು ವಾಕ್ಯ ಕಂಡರೆ ಸಾಕು, ಯಾರ ಕೈ ಎಂದು ಹೇಳಬಲ್ಲೆ ಎನ್ನುವುದು ಆಕೆಯ ಹೆಮ್ಮೆ.

ಆ ಕೈಪಿಡಿಯಲ್ಲಿ ಗಂಡ ಇನ್ನೂ ಮಾತಾಡುತ್ತಿದ್ದರು. ಮದುವೆಯಾದಾಗಿನಿಂದಲೂ ಅವರ ಬಾಯಿಂದ ಎರಡು ಮಾತು ಹೊರಡಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಊಟಕ್ಕೆ ಕೂತರೆ ತಟ್ಟೆಯ ಸದ್ದಷ್ಟೇ. ಕೈಪಿಡಿಯ ಕೆಲಸ ಹಿಡಿದ ಮೇಲೆ ಮನುಷ್ಯ ಬದಲಾದರು. ಆಕೆ ಬೀಗದ ಕೈ ಹುಡುಕುತ್ತಿದ್ದರೆ, “ಸಿಗಲಿಲ್ಲ ಅಂತ ಗಾಬರಿ ಬೇಡ, ಅದೂ ನಿನ್ನನ್ನೇ ಹುಡುಕ್ತಿರುತ್ತೆ” ಎನ್ನುತ್ತಿದ್ದರು. ಅದೇ ಮಾತು ಇಪ್ಪತ್ತನೆಯ ಪುಟದಲ್ಲಿ, ‘ಪುಸ್ತಕ ಹುಡುಕುವುದು’ ಎಂಬ ತಲೆಬರಹದ ಕೆಳಗಿತ್ತು. ಆ ಆರು ವರ್ಷ ಆಕೆ ನಕ್ಕಷ್ಟು ಅದಕ್ಕೂ ಮುಂಚೆ ಎಂದೂ ನಕ್ಕಿರಲಿಲ್ಲ.

ಅಂಥ ಸಾಲುಗಳನ್ನೇ ಇರುವೆ ಒಯ್ಯುತ್ತಿತ್ತು. ಒಣ ಸೂಚನೆಗಳ ತಂಟೆಗೆ ಹೋಗುತ್ತಿರಲಿಲ್ಲ. ಸಕ್ಕರೆ ಹರಳನ್ನಷ್ಟೇ ಆರಿಸಿದಂತೆ, ನಗೆಯ ಮಾತು ಎಲ್ಲಿದೆಯೋ ಅಲ್ಲಿಗೇ ಬಂದು ಎತ್ತಿಕೊಂಡು ಹೋಗುತ್ತಿತ್ತು.

“ಇದು ನನ್ನ ಗಂಡ ಬರೆದದ್ದು. ಅಳಿಸೋಕೆ ನೀವ್ಯಾರು?” ಎಂದು ಆಕೆ ಬರೆದಳು.

ಮಧ್ಯಾಹ್ನ ಇರುವೆಯ ಉತ್ತರ ಬಂತು. “ಕೈಪಿಡೀಲಿ ಇರಬೇಕಾದ ಮಾತಲ್ಲ ಇದು. ದಯವಿಟ್ಟು ಬಿಟ್ಟುಬಿಡಿ.”

“ಅವರಿದ್ದಾಗ ಒಂದು ಸಾಲೂ ಮುಟ್ಟಲಿಲ್ಲ. ಈಗ ಧೈರ್ಯ ಬಂತಾ?”

“ಅವರಿದ್ದಾಗ ಅಳಿಸೋ ಅಗತ್ಯ ಇರಲಿಲ್ಲ.”

ಆಕೆಯ ಮೈ ಉರಿದುಹೋಯಿತು. ಯಾವನೋ ಸೊಕ್ಕಿನವನು, ಬದುಕಿದ್ದಾಗ ಸರಿಗಟ್ಟಲಾರದೆ ಸತ್ತ ಮೇಲೆ ಹಗೆ ತೀರಿಸಿಕೊಳ್ಳುತ್ತಿದ್ದಾನೆ. ಅಂದೇ ಕೂತು ಗುಂಪಿಗೆಲ್ಲ ಉದ್ದನೆಯ ಪತ್ರ ಬರೆದಳು.

ಗುಂಪಿನ ಸಂಚಾಲಕ ಫೋನ್ ಮಾಡಿದ. “ಅಮ್ಮಾ, ಇರುವೆ ನಮ್ಮಲ್ಲಿ ಹಳೇ ಕೈ. ಮುಖಪರಿಚಯ ನಮಗ್ಯಾರಿಗೂ ಇಲ್ಲ, ಆದ್ರೆ ದುಡಿದದ್ದು ಸುಳ್ಳಲ್ಲ. ಏನೋ ಕಾರಣ ಇರಬಹುದು, ಒಂದು ಮಾತು ಕೇಳೋಣ.”

“ಕೇಳೋದೇನಿದೆ? ಅಲ್ಲಿ ಅವನಿರಬೇಕು, ಇಲ್ಲಾ ನಾನಿರಬೇಕು.”

ಮಾತು ಮತಕ್ಕೆ ಬಂತು. ವಿಧವೆಯ ಎದುರು ಕೈಯೆತ್ತುವ ಎದೆ ಯಾರಿಗಿದೆ? ಒಂದು ಮತವೂ ಇರುವೆಯ ಪರವಾಗಿ ಬೀಳಲಿಲ್ಲ. ಇರುವೆ ತನ್ನ ಪರವಾಗಿ ಒಂದಕ್ಷರ ಬರೆಯಲಿಲ್ಲ. ಗುಂಪಿನಿಂದ ಹೊರಬೀಳುವ ಮುನ್ನ ಆಕೆಗೊಂದು ಸಂದೇಶ ಕಳಿಸಿತು, ಅಷ್ಟೆ. “ಸಾಲುಗಳನ್ನ ವಾಪಸ್ ಹಾಕಿಕೊಳ್ಳಿ. ಹಳೇ ದಾಖಲೆ ಮಾತ್ರ ಕೆದಕಬೇಡಿ.”

“ಸೋತರೂ ಬೆದರಿಕೆ ನೋಡು!” ಎಂದು ಆಕೆ ಮಗಳಿಗೆ ತೋರಿಸಿ ನಕ್ಕಳು.

ಅಳಿಸಿದ ಸಾಲುಗಳು ಒಟ್ಟು ನಲವತ್ತೊಂದು. ಎಲ್ಲವೂ ಮರಳಬೇಕು, ಕೈಪಿಡಿಯ ಕೊನೆಯಲ್ಲಿ ಅವನ್ನು ಬರೆದವರೆಂದು ಗಂಡನ ಹೆಸರು ಬರಬೇಕು ಎಂದು ಆಕೆ ಪಟ್ಟು ಹಿಡಿದಳು. ಸಂಚಾಲಕ ಒಪ್ಪಿದ. “ಯಾವ ಸಾಲನ್ನ ಯಾರು, ಯಾವತ್ತು ಬರೆದರು ಅನ್ನೋದು ದಾಖಲೇಲಿ ಇರುತ್ತೆ. ಪಟ್ಟಿ ತೆಗೆದು ಕಳಿಸಿ, ಹಾಕೋಣ.”

ಭಾನುವಾರ ಬೆಳಿಗ್ಗೆ ಮಗಳು ದಾಖಲೆ ತೆರೆದಳು. ಒಂದಷ್ಟು ಓದಿದಳು. ಮೌಸ್ ಮೇಲಿನ ಕೈ ನಿಂತುಹೋಯಿತು.

“ಅಮ್ಮ, ಪಟ್ಟಿಗಿಟ್ಟಿ ಏನೂ ಬೇಡ. ಹಾಗೇ ಅಪ್ಪನ ಹೆಸರು ಹಾಕಿಸೋಣ.”

“ಏಳು, ಎದ್ದೇಳು ನೀನು,” ಎಂದು ಆಕೆ ಕುರ್ಚಿ ಎಳೆದುಕೊಂಡು ಕೂತಳು.

ಮೊದಲ ಸಾಲು, ಏಳು ವರ್ಷದ ಹಿಂದಿನದು. ಬರೆದವರು: ಇರುವೆ. ಎರಡನೆಯದು: ಇರುವೆ. ಆಕೆ ಕರಡು ನೋಡುವಾಗಿನಂತೆ ಬೆರಳಿಟ್ಟು ಒಂದೊಂದನ್ನೇ ದಾಟಿದಳು. ನಲವತ್ತೊಂದಕ್ಕೆ ನಲವತ್ತೊಂದೂ ಇರುವೆ. ಗಂಡನ ಹೆಸರಿನ ಮುಂದೆ ಪ್ರತಿ ಸಲವೂ ಒಂದೇ ಪದವಿತ್ತು: ಒಪ್ಪಿದೆ.

ಇರಲಿ. ಯಾರೋ ಬರೆದರು, ಇವರಿಗೆ ಹಿಡಿಸಿತು, ಮನೆಯಲ್ಲೂ ಆಡಿದರು. ಅಷ್ಟೇ ತಾನೆ? ಆಕೆ ಉಸಿರು ಬಿಟ್ಟಳು. ಮಗಳು ಯಾಕೋ ಇನ್ನೂ ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ನಿಂತಿದ್ದಳು.

ಸಾಮಾನ್ಯವಾಗಿ ಯಾರೂ ತೆರೆದು ನೋಡದಂಥ ಹಳೆಯ ಟಿಪ್ಪಣಿಯೊಂದು ಮೊದಲ ಸಾಲಿನ ಅಡಿಯಲ್ಲಿ ಮಡಚಿಕೊಂಡಿತ್ತು. ಆಕೆ ಅದನ್ನು ಬಿಡಿಸಿದಳು. ಬರೆದವರು ಗಂಡ.

“ಇದನ್ನ ನಿನ್ನೆ ಮನೇಲಿ ಹೇಳಿದೆ ಕಣೇ, ನೀನು ಹೇಳಿಕೊಟ್ಟ ಹಾಗೇ. ಎಷ್ಟು ನಕ್ಕಳು ಅಂತೀಯ, ಪಾಪ.”